ಕಡಲು, ಗಾಳಿ ಮತ್ತು ಮೂರು ಪದಗಳ ಸಮೀಕರಣ

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಸೀಮೆಯಲ್ಲಿ ಗೋವಿನಜೋಳ ಬಿತ್ತುವವರು ಮೃಗಶಿರ, ಆರಿದ್ರ ಎಂದು ಮಳೆ ಎಣಿಸುತ್ತಾರೆ. ಈಚೆಗೆ ಆ ಮಾತಿನ ನಡುವೆ ‘ಎಲ್ ನಿನೊ’ ಎಂಬ ಹೆಸರೂ ಸೇರಿಕೊಂಡಿದೆ. ಪೂರ್ವ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದಕ್ಕೆ ಆ ಹೆಸರು. ಎಲ್ಲಿಯದೋ ಪೆಸಿಫಿಕ್ ಸಾಗರ ಬಿಸಿಯಾದರೆ ರಾಣೆಬೆನ್ನೂರಿನ ಹೊಲ ಏಕೆ ಒಣಗಬೇಕು? ಈ ಪ್ರಶ್ನೆಯನ್ನು ಗಣಿತ ಬೆನ್ನು ಹತ್ತಿ ನೂರು ವರ್ಷ ದಾಟಿತು.

1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞ. ಮುಂಗಾರನ್ನು ಮೊದಲೇ ತಿಳಿಯಲು ಹೊರಟವನಿಗೆ ಸಿಕ್ಕಿದ್ದು ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ತಕ್ಕಡಿಯಂತೆ ಏರಿಳಿಯುವ ಗಾಳಿಯ ಒತ್ತಡ. ಕಾರಣ ಅವನಿಗೆ ತಿಳಿಯಲಿಲ್ಲ. ಅದನ್ನು ಬಿಡಿಸಿ ಹೇಳಿದ್ದು 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್: ಪೂರ್ವ ಪೆಸಿಫಿಕ್ ಬಿಸಿಯಾದರೆ ಗಾಳಿ ಸೊರಗುತ್ತದೆ, ಗಾಳಿ ಸೊರಗಿದರೆ ನೀರು ಇನ್ನಷ್ಟು ಬಿಸಿಯಾಗುತ್ತದೆ. ಈ ನಡುವೆ ಮತ್ಸುನೊ (1966), ಆಮೇಲೆ ಗಿಲ್ (1980) ವಾತಾವರಣವನ್ನು ಒಂದು ತೆಳು ಪದರವೆಂದು ಭಾವಿಸಿ, ಕಾದ ಕಡಲಿನ ಮೇಲೆ ಗಾಳಿ ಹೇಗೆ ತಿರುಗುತ್ತದೆಂದು ಕೈಯಿಂದಲೇ ಲೆಕ್ಕ ಹಾಕಬಹುದಾದ ಸಮೀಕರಣಗಳನ್ನು ಕೊಟ್ಟರು. ಅದೇ ಬಗೆಯ ಗಾಳಿಯನ್ನು ಕಡಲಿಗೆ ಜೋಡಿಸಿದ ಕೇನ್ ಮತ್ತು ಝೀಬಿಯಾಕ್ 1986ರಲ್ಲಿ ಎಲ್ ನಿನೊ ಬರುವುದೆಂದು ಮುಂಚೆಯೇ ಹೇಳಿದರು. ಬಂದೇ ಬಂತು.

ನನಗೆ ಹೆಚ್ಚು ಬೆರಗು ತಂದದ್ದು 1988ರ ಸುವಾರೆಜ್–ಶಾಫ್ ಸಮೀಕರಣ. ಕಡಲಿನ ತಾಪ ಬದಲಾಗುವ ವೇಗಕ್ಕೆ ಅದರಲ್ಲಿ ಮೂರೇ ಪದ. ಮೊದಲನೆಯದು ಬಿಸಿ ಬಿಸಿಯನ್ನೇ ಬೆಳೆಸುವುದು. ಎರಡನೆಯದು ತಾಪದ ಘನ. ಅದು ಬೆಳವಣಿಗೆಗೆ ಕಡಿವಾಣ. ಮೂರನೆಯದು ಕೆಲವು ತಿಂಗಳ ಹಿಂದಿನ ತಾಪ, ಋಣ ಚಿಹ್ನೆಯೊಂದಿಗೆ. ಆ ಋಣದ ಹಿಂದಿನ ಕಾರಣ ಹೀಗೆ: ಗಾಳಿ ಸೊರಗಿದಾಗ ಕಡಲೊಳಗೆ ಎದ್ದ ಅಲೆ ಪಶ್ಚಿಮಕ್ಕೆ ನಿಧಾನವಾಗಿ ಸಾಗಿ, ಏಷ್ಯಾದ ಅಂಚಿಗೆ ಬಡಿದು, ಸೆಕೆಂಡಿಗೆ ಎರಡೂವರೆ ಮೀಟರಿನಂತೆ ಮರಳುತ್ತದೆ. ಬರುವಾಗ ತಳದ ತಣ್ಣೀರನ್ನು ಮೇಲೆತ್ತುತ್ತದೆ. ಬಿಸಿ ತನ್ನ ಅಂತ್ಯವನ್ನು ತಾನೇ ಕಳಿಸಿಕೊಟ್ಟಿರುತ್ತದೆ!

ಆದರೆ ಪೆಸಿಫಿಕ್‌ಗೆ ಒಪ್ಪಿದ ಲೆಕ್ಕ ನಮ್ಮ ಮುಂಗಾರಿಗೆ ಸಾಲಲಿಲ್ಲ. ಇದನ್ನು ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂಚೂಣಿಯಲ್ಲಿದ್ದಾರೆ. ಸುಲೋಚನಾ ಗಾಡ್ಗೀಳ್, ಜೋಸೆಫ್, ಜೋಶಿ 1984ರಲ್ಲಿ ಕಂಡುಕೊಂಡದ್ದು: ಹಿಂದೂ ಮಹಾಸಾಗರದ ಮೇಲ್ಮೈ 28 ಡಿಗ್ರಿ ಸೆಲ್ಸಿಯಸ್‌ಗೆ ಮುಟ್ಟುವವರೆಗೆ ಬಿಸಿ ಏರಿದಂತೆ ಮೋಡ ಹೆಚ್ಚುತ್ತದೆ, ದಾಟಿದ ಮೇಲೆ ಮೋಡ ಕಟ್ಟಬಹುದು, ಕಟ್ಟದೆಯೂ ಇರಬಹುದು. ‘ಬಿಸಿ ಇದ್ದಲ್ಲಿ ಮಳೆ’ ಎಂಬ ಸರಳ ನಂಬಿಕೆ ಅಲ್ಲಿಗೆ ಮುರಿಯಿತು. 2001ರಲ್ಲಿ ಜೆ. ಶ್ರೀನಿವಾಸನ್ ಗಾಳಿಯ ಕಂಬಕ್ಕೆ ಸೇರುವ ನಿವ್ವಳ ಶಕ್ತಿ ಮತ್ತು ತೇವಾಂಶದಿಂದ ಮುಂಗಾರನ್ನು ವಿವರಿಸುವ ಸರಳ ಮಾದರಿ ಕಟ್ಟಿದರು. ಅದಕ್ಕೂ ಮೊದಲು, 1999ರಲ್ಲಿ, ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಹಿಂದೂ ಮಹಾಸಾಗರಕ್ಕೇ ಅದರದ್ದೊಂದು ಏರಿಳಿತ ಇದೆಯೆಂದು ತೋರಿಸಿದ್ದರು. ಕಡಲಿನ ಎರಡು ತುದಿಗಳಲ್ಲಿ ಒಂದು ಕಾದಾಗ ಇನ್ನೊಂದು ತಣಿಯುತ್ತದೆ.

ಪೆಸಿಫಿಕ್ ಒಂದನ್ನೇ ನೋಡಿದರೆ ಸಾಲದೆಂಬುದಕ್ಕೆ ಸಾಕ್ಷಿ ಎರಡು ವರ್ಷಗಳಲ್ಲಿದೆ. 1997ರ ಎಲ್ ನಿನೊ ಶತಮಾನದ ಅತಿ ಬಲಿಷ್ಠವಾದವುಗಳಲ್ಲಿ ಒಂದು. ಆದರೂ ದೇಶದ ಮುಂಗಾರು ವಾಡಿಕೆಯಂತೆ ಆಯಿತು, ಏಕೆಂದರೆ ಹಿಂದೂ ಮಹಾಸಾಗರ ಕೈ ಹಿಡಿಯಿತು. 2002ರ ಎಲ್ ನಿನೊ ಅದಕ್ಕಿಂತ ಎಷ್ಟೋ ದುರ್ಬಲ. ಆದರೂ ಆ ಜುಲೈನಲ್ಲಿ ದೇಶದ ಮಳೆ ಸುಮಾರು ಅರ್ಧಕ್ಕೆ ಇಳಿಯಿತು. ಯಾವ ಮಾದರಿಯೂ ಅದನ್ನು ಮುಂಚೆ ಹೇಳಿರಲಿಲ್ಲ. ಎರಡೂ ಕಡಲುಗಳನ್ನು ಒಟ್ಟಿಗೆ ನೋಡಬೇಕೆಂದು ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ವಾದಿಸಿದರು. ಅದೇ ಗಾಡ್ಗೀಳ್ ಪಾವಗಡದ ಶೇಂಗಾ ಬೆಳೆಗಾರರ ಜೊತೆ ಕೂತು, ಬಿತ್ತನೆಯ ಸಮಯವನ್ನು ಮಳೆಯ ದಾಖಲೆಯೊಡನೆ ಹೊಂದಿಸಿ ನೋಡಿದರು. ಗಣಿತ ಹೊಲಕ್ಕೆ ಇಳಿಯಬೇಕಾದದ್ದು ಹೀಗೆಯೇ.

ಹಾಗಾಗಿ ‘ಈ ವರ್ಷ ಎಲ್ ನಿನೊ’ ಎಂಬ ಸುದ್ದಿ ಕಂಡಾಗ ಹಿಂದೂ ಮಹಾಸಾಗರ ಹೇಗಿದೆ ಎಂಬುದನ್ನೂ ವಿಚಾರಿಸಿ. ಬೀಜ, ಗೊಬ್ಬರ ತರುವ ಮೊದಲೇ ವಿಚಾರಿಸಿ.