ಜಾಲಹಳ್ಳಿಯ ಟಾರ್ಕ್ ವ್ಯಾಪಾರ | ನಮ್ಮ ಏರಿಯಾ ಇತಿಹಾಸ, ಭಾಗ 4

ಎಚ್‌ಎಂಟಿ ಅಂದ್ರೆ ನಮ್ಮ ವಯಸ್ಸಿನವರಿಗೆ ವಾಚು ಮಾತ್ರ ಗೊತ್ತು. ಆದ್ರೆ ಮತ್ತಿಕೆರೆಯಿಂದ ಬಿಇಎಲ್ ಸರ್ಕಲ್ ದಾಟಿ ಹೋದ್ರೆ ಸಿಗೋ ಜಾಲಹಳ್ಳಿಯಲ್ಲಿ ಮೊದಲು ತಯಾರಾಗಿದ್ದು ವಾಚಲ್ಲ, ಲೇತ್. 1953ರಲ್ಲಿ ಕೇಂದ್ರ ಸರ್ಕಾರ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಶುರು ಮಾಡ್ತು. ಯಂತ್ರ ಮಾಡೋ ಯಂತ್ರ ನಮ್ಮ ದೇಶದಲ್ಲೇ ಆಗ್ಬೇಕು ಅನ್ನೋದು ಉದ್ದೇಶ. ವಾಚ್ ಫ್ಯಾಕ್ಟರಿ ಬಂದಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಜೊತೆ.

ಲೇತ್ ಎಲ್ಲಿ, ಕೈಗಡಿಯಾರ ಎಲ್ಲಿ? ಎರಡರ ಒಳಗೂ ಇರೋದು ಒಂದೇ ಲೆಕ್ಕ: ಟಾರ್ಕ್ 🔧

ಟಾರ್ಕ್ ಅಂದ್ರೆ ಒಂದು ಬಲಕ್ಕೆ ತಿರುಗಿಸೋ ಸಾಮರ್ಥ್ಯ ಎಷ್ಟಿದೆ ಅನ್ನೋ ಅಳತೆ.
ಟಾರ್ಕ್ = ಬಲ × ತಿರುಗೋ ಕೇಂದ್ರದಿಂದ ಇರೋ ದೂರ.
20 ಸೆಂ.ಮೀ. ಸ್ಪ್ಯಾನರ್ ತುದಿಗೆ 150 ನ್ಯೂಟನ್ ಹಾಕಿದ್ರೆ 150 × 0.2 = 30 ನ್ಯೂಟನ್-ಮೀಟರ್. ಪಂಕ್ಚರ್ ಅಂಗಡಿಯಣ್ಣ ಅದಕ್ಕೊಂದು ಪೈಪ್ ಸಿಕ್ಕಿಸಿ 40 ಸೆಂ.ಮೀ. ಮಾಡಿದ್ರೆ ಅದೇ ಕೈಬಲಕ್ಕೆ 60. ಆದ್ರೆ ಸ್ಪ್ಯಾನರ್‌ಗೆ ನೇರ ಅಡ್ಡಲಾಗಿ, ಅಂದ್ರೆ 90 ಡಿಗ್ರಿಯಲ್ಲಿ ಒತ್ತಬೇಕು. 30 ಡಿಗ್ರಿಯಲ್ಲಿ ಓರೆಯಾಗಿ ಎಳೆದ್ರೆ ಅರ್ಧ ಟಾರ್ಕ್ ಅಷ್ಟೇ.

ಈಗ ಲೇತ್. 100 ಮಿ.ಮೀ. ವ್ಯಾಸದ ಉಕ್ಕಿನ ರಾಡ್ ಕೊರೆಯುವಾಗ ಟೂಲ್ ಮೇಲೆ 2,000 ನ್ಯೂಟನ್ ಬೀಳುತ್ತೆ ಅಂತ ಇಟ್ಕೊಳ್ಳಿ. ಕೇಂದ್ರದಿಂದ ದೂರ 0.05 ಮೀಟರ್. ಬೇಕಾದ ಟಾರ್ಕ್ 100. ಮೋಟರ್ ಹತ್ರ ಇರೋದು ಬರೀ 20, ಆದ್ರೆ ನಿಮಿಷಕ್ಕೆ 1,440 ಸುತ್ತು. ಗೇರ್ ಹಾಕಿ ವೇಗವನ್ನ 240ಕ್ಕೆ ಇಳಿಸಿ. ವೇಗ ಆರನೇ ಒಂದು ಭಾಗ, ಟಾರ್ಕ್ ಆರು ಪಟ್ಟು: 120. ಘರ್ಷಣೆಗೆ ಸ್ವಲ್ಪ ಹೋದ್ರೂ ಕೆಲಸ ಆಗುತ್ತೆ. ವೇಗ ಕೊಟ್ಟು ಟಾರ್ಕ್ ಕೊಂಡ್ಕೊಂಡ ಹಾಗೆ. ಬಿಕಾಂನವರಿಗೆ ಇದು ಸುಲಭ, ಪುಗಸಟ್ಟೆ ಏನೂ ಬರಲ್ಲ 😄

ವಾಚ್‌ನಲ್ಲಿ ಇದೇ ವ್ಯಾಪಾರ ಉಲ್ಟಾ ⌚
ಕೀ ಕೊಟ್ಟಾಗ ಸುತ್ತಿಕೊಳ್ಳೋ ಸ್ಪ್ರಿಂಗ್‌ನ ಟಾರ್ಕ್ ಒಂದು ನ್ಯೂಟನ್-ಮೀಟರ್‌ನ ಸಾವಿರದಲ್ಲಿ ಕೆಲವು ಭಾಗ ಮಾತ್ರ. ಗಂಟೆಗೆ 18,000 ಸಲ ಟಿಕ್ ಅನ್ನೋ ವಾಚ್‌ನ ಕೊನೇ ಚಕ್ರಕ್ಕೆ ಸಾಮಾನ್ಯವಾಗಿ 15 ಹಲ್ಲು. ಒಂದು ಸುತ್ತಿಗೆ 30 ಟಿಕ್, ಅಂದ್ರೆ ಗಂಟೆಗೆ 600 ಸುತ್ತು. ಸ್ಪ್ರಿಂಗ್ ಇರೋ ಡಬ್ಬಿ ಒಂದು ಸುತ್ತಿಗೆ 6 ಗಂಟೆ ತಗೊಂಡ್ರೆ ವೇಗ 3,600 ಪಟ್ಟು ಹೆಚ್ಚು. ಹಾಗಾಗಿ ಅಲ್ಲಿಗೆ ತಲುಪೋ ಟಾರ್ಕ್ 3,600ರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಟಾರ್ಕ್‌ನ ಒಂದು ಧೂಳಿನ ಕಣ, ಒಣಗಿದ ಎಣ್ಣೆ ತಿಂದುಹಾಕುತ್ತೆ.

ಈ ಎರಡೂ ವಿದ್ಯೆ ಜಾಲಹಳ್ಳಿಯ ಒಂದೇ ಕಂಪನಿಯಲ್ಲಿ ಇತ್ತು. ಲೇತ್ ಮುಂದೆ ನಿಂತ ಟರ್ನರ್‌ಗೂ, ಭೂತಗನ್ನಡಿ ಇಟ್ಕೊಂಡು ಚಕ್ರ ಜೋಡಿಸ್ತಿದ್ದವರಿಗೂ ಇದು ಕೈಯಲ್ಲೇ ಗೊತ್ತಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು. ಬಾಗಿಲು ಹಾಕಿದಾಗ ಬ್ಯಾಲೆನ್ಸ್ ಶೀಟ್‌ನಲ್ಲಿ ಜಾಗ, ಮೆಷಿನ್, ಸಾಲ ಎಲ್ಲಕ್ಕೂ ಒಂದೊಂದು ಸಾಲು ಇರುತ್ತೆ. ಕೈಗೆ ಗೊತ್ತಿರೋ ಕೆಲಸಕ್ಕೆ ಇರಲ್ಲ.

ಅದಕ್ಕೇ ಒಂದು ಮಾತು. ಮನೆ ಬೀರುವಿನಲ್ಲಿ ತಾತನ ಕೀ ಕೊಡೋ ವಾಚ್ ನಿಂತುಹೋಗಿದ್ರೆ ಗುಜರಿಗೆ ಹಾಕಬೇಡಿ. ಹೆಚ್ಚಿನ ಸಲ ಎಣ್ಣೆ ಒಣಗಿರುತ್ತೆ ಅಷ್ಟೇ. ಜೋರಾಗಿ ತಿರುಗಿಸದೆ, ಹಳೇ ವಾಚ್ ರಿಪೇರಿ ಮಾಡೋರ ಹತ್ರ ಕೊಡಿ. ಅವರು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ, ಯಾವ ಚಕ್ರಕ್ಕೆ ಎಷ್ಟು ಹಲ್ಲು ಅಂತ ಕೇಳಿ.

ನಿಮ್ಮ ಮನೇಲಿ ಯಾರಾದ್ರೂ ಅಲ್ಲಿ ಕೆಲಸ ಮಾಡಿದ್ರಾ? ಯಾವ ವಿಭಾಗ ಅಂತ ಕೆಳಗೆ ಬರೀರಿ 👇

#ಮತ್ತಿಕೆರೆ #ಜಾಲಹಳ್ಳಿ #ಎಚ್‌ಎಂಟಿ #ನಮ್ಮಏರಿಯಾಇತಿಹಾಸ