ತಂತಿಯ ಕೆಳಗಿನ ದನ

ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಗೆ ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರವು ನೆರೆಯದು. 800 ಮೆಗಾವಾಟಿನ ಅದರ ಮೂರು ಘಟಕಗಳು 2017 ಮತ್ತು 2018ರಲ್ಲಿ ಒಂದರ ಹಿಂದೊಂದು ಪೂರ್ಣಪ್ರಮಾಣದಲ್ಲಿ ಕೆಲಸಕ್ಕೆ ತೊಡಗಿದವು. ಅಲ್ಲಿ ಹುಟ್ಟಿದ ವಿದ್ಯುತ್ತು 400 ಕಿಲೋವೋಲ್ಟಿನ ತಂತಿಗಳ ಮೇಲೆ ಧಾರವಾಡದ ಬಳಿಯ ನರೇಂದ್ರಕ್ಕೂ, ಅಲ್ಲಿಂದ 765 ಕಿಲೋವೋಲ್ಟಿಗೆಂದು ಕಟ್ಟಿದ ಮಾರ್ಗದಲ್ಲಿ ಮಧುಗಿರಿಗೂ ಸಾಗುತ್ತದೆ. ತಂತಿಯ ಕೆಳಗೆ ಎರೆಹೊಲ; ಹೊಲದಲ್ಲಿ ಜೋಳ, ಕಡಲೆ; ಸುಗ್ಗಿ ಮುಗಿದ ಮೇಲೆ ಕೂಳೆ ಮೇಯುವ ದನಕರು. ತೇವವಿರುವ ಮುಂಜಾನೆಗಳಲ್ಲಿ ಇಂತಹ ತಂತಿಗಳು ಜುಂಯ್ ಎಂದು ಸದ್ದು ಮಾಡುತ್ತವೆ. ಆ ಸದ್ದನ್ನು ಕೇಳಿದ ರೈತನು "ಇದರಿಂದ ನನ್ನ ಎಮ್ಮೆಯ ಹಾಲು ಬತ್ತೀತೆ, ಆಕಳು ಗಬ್ಬ ನಿಲ್ಲದೆ ಹೋದೀತೆ" ಎಂದು ಕೇಳಿದರೆ ನಗುವವರು ಉಂಟು. ಅವನ ಅಂಜಿಕೆಗೆ ಗಾಳಿ ಹಾಕುವವರೂ ಉಂಟು. ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ.

ಆ ಚರಿತ್ರೆ ಕಪ್ಪೆಯ ಕಾಲಿನಿಂದ ಮೊದಲಾಗುತ್ತದೆ. ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗಾಲ್ವಾನಿಯು ಸತ್ತ ಕಪ್ಪೆಯ ತೊಡೆ ವಿದ್ಯುತ್ತಿನ ಕಿಡಿಗೆ ಎಗರುವುದನ್ನು ಕಂಡು, 1791ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಜೀವಕ್ಕೂ ವಿದ್ಯುತ್ತಿಗೂ ನಂಟಿದೆಯೆಂಬುದು ಅಂದೇ ತಿಳಿಯಿತು. ಫ್ರಾನ್ಸಿನ ದಾರ್ಸೊನ್ವಾಲನು 1896ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಪರ್ಯಾಯ ವಿದ್ಯುತ್ತು ಹರಿಯುವ ದೊಡ್ಡ ಸುರುಳಿಯೊಳಗೆ ತಲೆಯಿಟ್ಟವರಿಗೆ, ಯಾವ ತಂತಿಯೂ ಮೈಗೆ ಸೋಕದಿದ್ದರೂ, ಕಣ್ಣೊಳಗೆ ಬೆಳಕು ಮಿನುಗಿತೆಂದು ಅವನು ವರದಿ ಮಾಡಿದನು. ಮುಟ್ಟಿದರೆ ತಾಗುವ ವಿದ್ಯುತ್ತು ಬೇರೆ, ಮುಟ್ಟದೆಯೂ ತಾಗುವ ಕ್ಷೇತ್ರ ಬೇರೆ. ಈ ಭೇದವನ್ನು ಕೇಳುಗರು ನೆನಪಿನಲ್ಲಿಡಬೇಕು; ಮುಂದಿನ ವಿವಾದವೆಲ್ಲ ಇದರ ಸುತ್ತಲೇ ನಡೆಯಿತು.

ನಮ್ಮ ನಾಡಿನಲ್ಲಿ ದನಗಳ ತಲೆಯ ಮೇಲೆ ಇಂತಹ ತಂತಿ ಬಂದದ್ದು 1902ರಲ್ಲಿ. ಆ ವರ್ಷದ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ದೂರ, 35,000 ವೋಲ್ಟಿನಲ್ಲಿ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರರು ಕಂಡ ಕನಸು ಅದು. ಅದನ್ನು ಕಣ್ಣಾರೆ ಕಾಣುವ ಮೊದಲೇ ಅವರು ತೀರಿಕೊಂಡಿದ್ದರು. ಆ ತಂತಿಯ ಕೆಳಗೆ ಮೇಯ್ದ ಹಳ್ಳಿಕಾರ್ ಎತ್ತುಗಳ ಯೋಗಕ್ಷೇಮ ಅಂದಿನವರಿಗೆ ಪ್ರಶ್ನೆಯಾಗಿರಲಿಲ್ಲ. ಚಿನ್ನದ ಮುಂದೆ ಎತ್ತಿನ ಮಾತು ಯಾರ ಕಿವಿಗೆ ಬಿದ್ದೀತು! ಕೂಡಗಿಯ ತಂತಿಯ ವೋಲ್ಟೇಜು ಅದರ ಹನ್ನೊಂದು ಪಟ್ಟಿಗಿಂತಲೂ ಹೆಚ್ಚು.

ಪ್ರಶ್ನೆಯು ಗಟ್ಟಿಯಾಗಿ ಎದ್ದದ್ದು 1972ರಲ್ಲಿ. ಪ್ಯಾರಿಸ್ಸಿನಲ್ಲಿ ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದಾಗ, 500 ಕಿಲೋವೋಲ್ಟಿನ ಕೇಂದ್ರಗಳಲ್ಲಿ ದುಡಿಯುವವರಿಗೆ ತಲೆನೋವು, ಆಯಾಸ ಕಾಣಿಸುತ್ತಿದೆಯೆಂದು ಸೋವಿಯತ್ ತಜ್ಞರು ತಿಳಿಸಿದರು. ಅಲ್ಲಿಂದಾಚೆಗೆ ಇಲಿ, ಹಂದಿ, ಕೋಳಿ, ದನ ಎಲ್ಲವೂ ಪರೀಕ್ಷೆಗೆ ಒಳಗಾದವು. ಗೊಳಸಂಗಿಯ ರೈತನಿಗೆ ನೇರವಾಗಿ ಸಲ್ಲುವ ಉತ್ತರ ಸ್ವೀಡನ್ನಿನಿಂದ ಬಂದಿತು. ಬೋ ಆಲ್ಗೆರ್ಸ್ ಮತ್ತು ಯಾನ್ ಹುಲ್ಟ್‌ಗ್ರೆನ್ ಎಂಬ ಪಶುವೈದ್ಯ ವಿಜ್ಞಾನಿಗಳು 58 ಕಡಸುಗಳನ್ನು ಸುಮಾರು ನಾಲ್ಕು ತಿಂಗಳು 400 ಕಿಲೋವೋಲ್ಟಿನ ತಂತಿಯ ಕೆಳಗೆ ಕಟ್ಟಿ, ಅಷ್ಟೇ ಸಂಖ್ಯೆಯ ಕಡಸುಗಳನ್ನು ದೂರದಲ್ಲಿರಿಸಿ ಹೋಲಿಸಿದರು. ಬೆದೆಗೆ ಬರುವುದರಲ್ಲಾಗಲಿ ಗಬ್ಬ ನಿಲ್ಲುವುದರಲ್ಲಾಗಲಿ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 1987ರಲ್ಲಿ. ಅಲ್ಲಿನ ತಂತಿಯದೂ ನಮ್ಮ ತಂತಿಯದೂ ಒಂದೇ ವೋಲ್ಟೇಜು, ಒಂದೇ 50 ಆವರ್ತನ.

ಹಾಗಾದರೆ ಅಂಜಿಕೆ ಸುಳ್ಳೇ? ಅವಸರಪಡಬಾರದು. ಜೇನುಹುಳುಗಳ ಕಥೆ ಬೇರೆ ರೀತಿಯದು. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾನಿಲಯದ ಬರ್ನಾರ್ಡ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು 765 ಕಿಲೋವೋಲ್ಟಿನ ತಂತಿಯ ಕೆಳಗೆ ಜೇನುಪೆಟ್ಟಿಗೆಗಳನ್ನಿಟ್ಟು 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಳುಗಳು ಚಡಪಡಿಸಿದವು, ಗೂಡಿನ ಉಷ್ಣತೆ ಏರಿತು, ಗೂಡಿಗೆ ಮೆತ್ತುವ ಅಂಟನ್ನು ಅವು ಅತಿಯಾಗಿ ಬಳಸಿದವು. ಪೆಟ್ಟಿಗೆಯ ತೂಕ ಎಂದಿನಂತೆ ಏರಲಿಲ್ಲ, ರಾಣಿಹುಳುಗಳು ಇಲ್ಲವಾದವು. ಇದು ನಿಸ್ಸಂದೇಹವಾಗಿ ಹಾನಿಯೇ. ಆದರೆ ಅದೇ ತಂತಿಯ ಕೆಳಗೆ ಲೋಹದ ಮರೆಯಿದ್ದ ಪೆಟ್ಟಿಗೆಗಳ ಹುಳುಗಳು ಸುಖವಾಗಿದ್ದವು. ಕಾಂತಕ್ಷೇತ್ರ ಇಂತಹ ಮರೆಯನ್ನು ದಾಟಬಲ್ಲುದು, ವಿದ್ಯುತ್ಕ್ಷೇತ್ರ ದಾಟಲಾರದು. ಆದುದರಿಂದ ಅಪರಾಧಿ ಎರಡನೆಯದೆಂದು ಗೊತ್ತಾಯಿತು. ಅದೇ ಬಳಗ 1988ರಲ್ಲಿ ಇನ್ನೂ ಸೂಕ್ಷ್ಮವಾದ ಪ್ರಯೋಗ ನಡೆಸಿ ಕ್ಷೇತ್ರವನ್ನೂ ಆಘಾತವನ್ನೂ ಬೇರ್ಪಡಿಸಿತು. ಕ್ಷೇತ್ರದಲ್ಲಿ ಸುಮ್ಮನೆ ಇರುವುದರಿಂದ ಹುಳುಗಳಿಗೆ ತೊಂದರೆಯಿಲ್ಲ. ಗೂಡಿನ ತೇವದ ಮೈಮೇಲೆ ನಡೆಯುವಾಗ ಹೆಜ್ಜೆಹೆಜ್ಜೆಗೂ ತಗಲುವ ಚಿಕ್ಕ ಆಘಾತವೇ ಅವುಗಳನ್ನು ಕೆಡಿಸುತ್ತಿತ್ತು. ಇಡೀ ಚರಿತ್ರೆಯಲ್ಲಿ ಇಷ್ಟು ನಿಚ್ಚಳವಾದ ಪ್ರಯೋಗ ನನಗೆ ಮತ್ತೊಂದು ಕಂಡಿಲ್ಲ.

ದನದ ಕೊಟ್ಟಿಗೆಗೂ ಈ ಮಾತು ಅನ್ವಯಿಸುತ್ತದೆ. ಹಸುವಿನ ಮೈ ವಿದ್ಯುತ್ತಿಗೆ ಒಡ್ಡುವ ತಡೆ ಸುಮಾರು 500 ಓಮ್. ಒಣಗಿದ ಚರ್ಮದ ಮನುಷ್ಯನದು ಇದರ ಹಲವು ಪಟ್ಟು. ಅದೂ ಅಲ್ಲದೆ ದನವು ಬರಿಗೊರಸಿನಲ್ಲಿ ಗಂಜಲದ ನೆಲದ ಮೇಲೆ ನಿಂತು, ಒದ್ದೆ ಮೂತಿಯನ್ನು ಕಬ್ಬಿಣದ ತೊಟ್ಟಿಗೆ ಇಡುತ್ತದೆ. ಒಡೆಯನ ಕೈಗೆ ಏನೇನೂ ತಿಳಿಯದ ಒಂದೆರಡು ವೋಲ್ಟಿನ ಸೋರಿಕೆ ಅದಕ್ಕೆ ತಿಳಿಯುತ್ತದೆ. ನೀರು ಕುಡಿಯಲು ಹಿಂಜರಿಯುತ್ತದೆ, ಕರೆಯುವಾಗ ಒದೆಯುತ್ತದೆ. ಅಮೆರಿಕದ ಹೈನುಗಾರರು 1980ರ ದಶಕದಲ್ಲಿ ಇದರ ಬಗ್ಗೆ ದೊಡ್ಡ ಗದ್ದಲವೆಬ್ಬಿಸಿದರು. ಅವರ ದೂರಿನಲ್ಲಿ ಹುರುಳಿತ್ತೆಂದು ಅಳತೆಗಳು ತೋರಿಸಿದವು. ಹಲವೆಡೆ ತಪ್ಪು ಆಕಾಶದ ದೊಡ್ಡ ತಂತಿಯದಾಗಿರಲಿಲ್ಲ. ಕೊಟ್ಟಿಗೆಯ ಒಳಗಿನ ಸಣ್ಣ ತಂತಿಯದು, ನೆಲಕ್ಕೆ ಸರಿಯಾಗಿ ಜೋಡಿಸದ ಮೋಟರಿನದು.

ಇನ್ನು ದಿಕ್ಕಿನ ಮಾತು. ಉಪಗ್ರಹದಿಂದ ತೆಗೆದ ಚಿತ್ರಗಳಲ್ಲಿ 8,510 ದನಗಳನ್ನು ಎಣಿಸಿದ ಯುರೋಪಿನ ವಿಜ್ಞಾನಿಗಳು, ಮೇಯುವ ದನ ಉತ್ತರ–ದಕ್ಷಿಣವಾಗಿ ನಿಲ್ಲಲು ಬಯಸುತ್ತದೆಂದು 2008ರಲ್ಲಿ ಹೇಳಿದರು. ಮರುವರ್ಷ, ವಿದ್ಯುತ್ ತಂತಿಯ ಬಳಿ ಈ ಶಿಸ್ತು ಕೆಡುತ್ತದೆಂದರು. ಬೇರೊಂದು ತಂಡ 2011ರಲ್ಲಿ ಎಣಿಸಿದಾಗ ಆ ಶಿಸ್ತೇ ಕಾಣಲಿಲ್ಲ. ಈ ವಿಷಯದಲ್ಲಿ ನಾನು ಸಂದೇಹವಾದಿ. ಆದರೆ ಹಕ್ಕಿಗಳ ವಿಷಯದಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ವಲಸೆಯ ರಾಬಿನ್ ಹಕ್ಕಿಗಳು ವಿಶ್ವವಿದ್ಯಾನಿಲಯದ ಆವರಣದ ಮರದ ಗುಡಿಸಿಲುಗಳಲ್ಲಿ ದಿಕ್ಕು ತಪ್ಪಿದವು. ಗುಡಿಸಿಲಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿ ಅದನ್ನು ನೆಲಕ್ಕೆ ಜೋಡಿಸಿದ ಕೂಡಲೆ ದಿಕ್ಕು ಹಿಡಿದವು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ದಿಕ್ಕು ಕೆಡಿಸಿದ್ದು 50 ಕಿಲೋಹರ್ಟ್ಸಿನಿಂದ 5 ಮೆಗಾಹರ್ಟ್ಸಿನವರೆಗಿನ ಕ್ಷೀಣವಾದ ವಿದ್ಯುತ್ ಗದ್ದಲ, ಊರಿನ ಯಂತ್ರೋಪಕರಣಗಳೂ ಬಾನುಲಿಯೂ ಹೊಮ್ಮಿಸುವಂಥದು. ಧಾರವಾಡ ಕೇಂದ್ರವು ದಶಕಗಳ ಕಾಲ ನಮಗೆ ಹಾಡು, ಮಾತು, ಹವಾವರ್ತಮಾನಗಳನ್ನು ತಲುಪಿಸಿದ 765 ಕಿಲೋಹರ್ಟ್ಸ್ ಈ ಹರವಿನೊಳಗೇ ಬರುತ್ತದೆ. ಬಾನುಲಿಯಲ್ಲಿ ನಿಂತು ಇದನ್ನು ಹೇಳುವಾಗ ನನಗೆ ಸಂಕೋಚವಾಗದೆ ಇಲ್ಲ.

ಭಾರತ ಸರಕಾರವು ಮೊಬೈಲ್ ಗೋಪುರಗಳ ವಿಚಾರದಲ್ಲಿ 2010ರಲ್ಲಿ ಒಂದು ತಜ್ಞರ ಸಮಿತಿ ನೇಮಿಸಿತು. ಸಮಿತಿ 919 ಪ್ರಬಂಧಗಳನ್ನು ಒಟ್ಟುಗೂಡಿಸಿ, 593ರಲ್ಲಿ ಪರಿಣಾಮ ಕಂಡಿದೆಯೆಂದಿತು. ಪ್ರಬಂಧಗಳನ್ನು ಜೋಳದ ಚೀಲಗಳಂತೆ ಎಣಿಸುವ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದೇ ವರ್ಷ ಬಂದ ಚಂಡೀಗಢದ ಜೇನಿನ ಪ್ರಯೋಗವನ್ನೇ ನೋಡಿ: ಫೋನುಗಳನ್ನು ಪೆಟ್ಟಿಗೆಯೊಳಗೇ ಇಟ್ಟಾಗ ರಾಣಿ ಮೊಟ್ಟೆಯಿಡುವುದು ಕುಗ್ಗಿತು. ಪೆಟ್ಟಿಗೆಯೊಳಗಿನ ಫೋನು, ಊರಾಚೆಯ ಗೋಪುರ ಎರಡೂ ಒಂದೇ ಆದಾವೆ? ಆದರೂ ಗೋಪುರದ ವಿಕಿರಣದ ಮಿತಿಯನ್ನು ಸರಕಾರ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕಿಳಿಸಿದ್ದು ವಿವೇಕದ ಕೆಲಸ.

ಗೊಳಸಂಗಿಯ ರೈತನಿಗೆ ಮರಳೋಣ. ಅವನ ಆಕಳು ಸ್ವೀಡನ್ನಿನ ಕಡಸಲ್ಲ. ಎರೆಮಣ್ಣಿನ ಕೆಸರಿನಲ್ಲಿ ನೇಗಿಲೆಳೆಯಲೆಂದೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೂಪುಗೊಂಡ ಕೃಷ್ಣಾ ಕಣಿವೆ ತಳಿಯೇ ಈ ಸೀಮೆಯದು; ಈಗ ಅದರ ಸಂತತಿ ವಿರಳ. ಒಂದೇ ಊರಿನ ದನಗಳಲ್ಲಿ ಅರ್ಧವನ್ನು ತಂತಿಯ ಕೆಳಗೂ ಅರ್ಧವನ್ನು ದೂರದಲ್ಲೂ ಮೇಯಿಸಿ, ಹಾಲು, ಬೆದೆ, ಗಬ್ಬಗಳ ಲೆಕ್ಕವನ್ನು ಎರಡು ವರ್ಷ ಬರೆದಿಡುವುದು ಪಶುವೈದ್ಯರಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಅದು ನಡೆಯುವವರೆಗೆ ರೈತನು ತಂತಿಯ ಬಳಿಯ ತಗಡಿನ ಮಾಡನ್ನೂ ಕಬ್ಬಿಣದ ಬೇಲಿಯನ್ನೂ ಬಲ್ಲವರಿಂದ ನೆಲಕ್ಕೆ ಜೋಡಿಸಿಸಲಿ, ಜೇನುಪೆಟ್ಟಿಗೆಯನ್ನು ತಂತಿಯಿಂದ ದೂರ ಒಯ್ಯಲಿ, ಮಳೆ ಬಿದ್ದ ದಿನ ಮೋಟರಿನ ಕಂಬದ ಬುಡಕ್ಕೆ ಎತ್ತನ್ನು ಕಟ್ಟದಿರಲಿ.