ದೀಪಾವಳಿ ಕಿಲ್ಲಾ

ದೀಪಾವಳಿ ಕಿಲ್ಲಾ ಎಂದರೆ ದೀಪಾವಳಿಯ ದಿನಗಳಲ್ಲಿ ಮನೆಯ ಅಂಗಳದಲ್ಲಿ, ಓಣಿಯ ಮೂಲೆಯಲ್ಲಿ ಅಥವಾ ಮಾಳಿಗೆಯ ಮೇಲೆ ಮಣ್ಣು, ಕಲ್ಲು, ಇಟ್ಟಿಗೆಗಳಿಂದ ಕಟ್ಟುವ ಕೋಟೆಯ ಕಿರುಮಾದರಿ. ಮಹಾರಾಷ್ಟ್ರದಲ್ಲಿ ವ್ಯಾಪಕವಾಗಿರುವ ಈ ಪದ್ಧತಿ ಕರ್ನಾಟಕದ ಬೆಳಗಾವಿ ಜಿಲ್ಲೆಯ ಗಡಿಭಾಗದಲ್ಲಿಯೂ ಬೇರೂರಿದೆ. ಕೊಲ್ಹಾಪುರದ ಹೆದ್ದಾರಿಯಲ್ಲಿ ಗಡಿಗೆ ತಾಗಿಕೊಂಡಿರುವ ಕೊಗನೊಳ್ಳಿಯಿಂದ ಮೊದಲುಗೊಂಡು ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿ, ಖಾನಾಪುರಗಳ ಕಡೆಗೆ ಸಾಗುವ ಪಟ್ಟಿಯಲ್ಲಿ ಮರಾಠಿ ಹಾಗೂ ಕನ್ನಡ ಮಾತನಾಡುವ ಮನೆಗಳೆರಡರಲ್ಲೂ ಮಕ್ಕಳು ಕಿಲ್ಲಾ ಕಟ್ಟುತ್ತಾರೆ. ‘ಕಿಲ್ಲಾ’ ಎಂಬುದು ಅರಬ್ಬಿ ಮೂಲದಿಂದ ಬಂದು ಕನ್ನಡ, ಮರಾಠಿ ಎರಡರಲ್ಲಿಯೂ ನೆಲೆಸಿದ ಪದ; ಕನ್ನಡದ ‘ಕಿಲ್ಲೇದಾರ’ ಎಂಬ ಮನೆತನದ ಹೆಸರಿನಲ್ಲಿರುವುದೂ ಇದೇ.

ಹವ್ಯಾಸಿಗಳು ಕಟ್ಟುವ ಮಾದರಿಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ. ಹಬ್ಬ ಮುಗಿದ ಬಳಿಕ ಇದನ್ನು ಕೆಡವಲಾಗುತ್ತದೆ. ಉಳಿಯುವುದು ಕೊಂಡು ತಂದ ಗೊಂಬೆಗಳು ಮಾತ್ರ. ಏನನ್ನು ಕೊಳ್ಳಬಹುದು, ಏನನ್ನು ಕೈಯಾರೆ ಮಾಡಬೇಕು ಎಂಬ ಚರ್ಚೆ ಈ ಹವ್ಯಾಸದೊಳಗೆ ಇಂದಿಗೂ ನಡೆಯುತ್ತಿದೆ.

ಹಿನ್ನೆಲೆ

ಕಿಲ್ಲಾ ಕಟ್ಟುವುದನ್ನು ಸಾಮಾನ್ಯವಾಗಿ ಛತ್ರಪತಿ ಶಿವಾಜಿಯ ಸ್ಮರಣೆಯೊಂದಿಗೆ ಜೋಡಿಸಲಾಗುತ್ತದೆ. ಕೋಟೆಯ ತುದಿಯಲ್ಲಿ ಸಿಂಹಾಸನಾರೂಢ ಶಿವಾಜಿಯ ಗೊಂಬೆಯನ್ನು ಇರಿಸಿದ ಮೇಲೆಯೇ ಅದು ಪೂರ್ಣವಾಯಿತೆಂಬ ಭಾವನೆ ಮಕ್ಕಳಲ್ಲಿದೆ. ಪದ್ಧತಿಗೆ ಋತುವಿನ ಅನುಕೂಲವೂ ಇದೆ. ದೀಪಾವಳಿಯ ಹೊತ್ತಿಗೆ ಮಳೆಗಾಲ ಮುಗಿದು ನೆಲದಲ್ಲಿ ತೇವ ಉಳಿದಿರುತ್ತದೆ. ಅಗೆದ ಮಣ್ಣು ಕೈಗೆ ಹದವಾಗಿ ಸಿಗುತ್ತದೆ, ಬಿತ್ತಿದ ಕಾಳು ಬೇಗ ಮೊಳೆಯುತ್ತದೆ.

ಗಡಿಯ ಎರಡು ಬದಿಗಳಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಹಾರಾಷ್ಟ್ರದ ಶಾಲೆಗಳಿಗೆ ದೀರ್ಘ ರಜೆ ದೀಪಾವಳಿಗೆ ಬರುತ್ತದೆ. ಕರ್ನಾಟಕದಲ್ಲಿ ಮಧ್ಯಂತರ ರಜೆ ದಸರಾ ಹಬ್ಬಕ್ಕೆ ಹೊಂದಿಕೊಂಡಿರುತ್ತದೆ. ಆದ್ದರಿಂದ ಕಾಗಲಿನ ಮಕ್ಕಳಿಗೆ ಕಿಲ್ಲಾ ಕಟ್ಟಲು ಸಿಗುವಷ್ಟು ಬಿಡುವು ದೂಧಗಂಗೆಯ ಈಚೆಗಿನ ಮಕ್ಕಳಿಗೆ ಸಿಗುವುದಿಲ್ಲ. ಶಾಲೆ ಬಿಟ್ಟ ಮೇಲಿನ ಸಂಜೆಗಳಲ್ಲಿಯೇ ಮಣ್ಣು ಹೊರುವ ಕೆಲಸ ಸಾಗಬೇಕಾಗುತ್ತದೆ.

ಮಣ್ಣಿನಿಂದ ರೂಪ ಮಾಡುವುದು ಉತ್ತರ ಕರ್ನಾಟಕದ ಹಬ್ಬಗಳಿಗೆ ಹೊಸತಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಜೋಡೆತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಕೂರಿಸುತ್ತಾರೆ. ಬಲಿಪಾಡ್ಯಮಿಯಂದು ಸೆಗಣಿಯಿಂದ ‘ಪಾಂಡವರ’ನ್ನು ಮಾಡಿ ಹೂವು ಸಿಕ್ಕಿಸುತ್ತಾರೆ. ಮಣ್ಣೆತ್ತನ್ನು ಮನೆಯಲ್ಲೇ ಮಾಡುವವರೂ ಇದ್ದಾರೆ, ಕುಂಬಾರರಿಂದ ತರುವವರೂ ಇದ್ದಾರೆ. ಕಿಲ್ಲಾ ಈ ಸಾಲಿಗೆ ಸೇರಿದರೂ ಅದಕ್ಕೆ ಪೂಜೆಯಿಲ್ಲ. ಅದು ಹಬ್ಬದ ಆಟ. ಮೈಸೂರು ಕಡೆಯ ದಸರಾ ಗೊಂಬೆಗಳೊಂದಿಗೆ ಹೋಲಿಸಿದರೆ ಇನ್ನೊಂದು ಭೇದ ಕಾಣುತ್ತದೆ: ಅಲ್ಲಿ ಗೊಂಬೆಗಳು ತಲೆಮಾರಿನಿಂದ ತಲೆಮಾರಿಗೆ ಪೆಟ್ಟಿಗೆಯಲ್ಲಿ ಸಾಗುತ್ತವೆ, ಇಲ್ಲಿ ಮುಖ್ಯ ವಸ್ತುವಾದ ಕೋಟೆ ಪ್ರತಿವರ್ಷ ಹೊಸದಾಗಿ ಹುಟ್ಟುತ್ತದೆ.

ಕಟ್ಟುವ ವಿಧಾನ

ಹಬ್ಬಕ್ಕೆ ಸುಮಾರು ಒಂದು ವಾರ ಇರುವಾಗ ಕೆಲಸ ಆರಂಭವಾಗುತ್ತದೆ. ಮೊದಲು ಕಲ್ಲು, ಒಡೆದ ಇಟ್ಟಿಗೆಗಳನ್ನು ಗುಡ್ಡದ ಆಕಾರಕ್ಕೆ ಪೇರಿಸಿ, ರಾಡಿಯಲ್ಲಿ ಅದ್ದಿದ ಗೋಣಿಚೀಲವನ್ನು ಅದರ ಮೇಲೆ ಹೊದಿಸುತ್ತಾರೆ. ಗೋಣಿಯ ಮಡಿಕೆಗಳೇ ಕಣಿವೆ, ಕಡಿದಾದ ಬಂಡೆಗಳಾಗಿ ಕಾಣುವುದರಿಂದ ಅದನ್ನು ಹೇಗೆ ಎಳೆದು ಬಿಡುತ್ತಾರೆ ಎಂಬುದರಲ್ಲೇ ಅರ್ಧ ಕೌಶಲ ಅಡಗಿದೆ. ಅದರ ಮೇಲೆ ಜರಡಿ ಹಿಡಿದ ಕೆಮ್ಮಣ್ಣನ್ನು ಮೆತ್ತಿ, ಕೋಟೆಗೋಡೆ, ಬುರುಜು, ಅಗಸಿ, ಮೆಟ್ಟಿಲುಗಳನ್ನು ತಿದ್ದಲಾಗುತ್ತದೆ. ಬುರುಜಿಗೆ ಹಳೆಯ ಡಬ್ಬಿ, ಕೊಳವೆಯ ತುಂಡುಗಳು ಒಳಗಟ್ಟಾಗುತ್ತವೆ. ಕೆರೆಗೆ ಬೋಗುಣಿಯನ್ನು ಹೂಳುತ್ತಾರೆ. ಕೆಲವರು ಕನ್ನಡಿಯ ಚೂರನ್ನು ಇಡುತ್ತಾರೆ.

ಇಳಿಜಾರಿನಲ್ಲಿ ಸಾಸಿವೆ ಅಥವಾ ಗೋಧಿಯನ್ನು ಬಿತ್ತಿ ದಿನವೂ ನೀರು ಚಿಮುಕಿಸಿದರೆ ನಾಲ್ಕೈದು ದಿನಗಳಲ್ಲಿ ಹಸುರು ಮೇಲೇಳುತ್ತದೆ. ಬಿತ್ತಲು ತಡಮಾಡಿದವರು ಹಸಿರು ಬಣ್ಣದ ಕಟ್ಟಿಗೆಹೊಟ್ಟಿನಿಂದ ತೃಪ್ತರಾಗಬೇಕು. ಗೋಡೆಗಳಿಗೆ ಕಾವಿ, ಸುಣ್ಣಗಳ ಲೇಪ, ತುದಿಗೆ ಭಗವಾ ಧ್ವಜ, ಸಂಜೆಗೆ ಮೆಟ್ಟಿಲುಗಳ ಮೇಲೆ ಹಣತೆ: ಇಷ್ಟಕ್ಕೆ ಕಿಲ್ಲಾ ಸಿದ್ಧವಾಗುತ್ತದೆ.

ಮನೆಯ ಅಂಗಳದಲ್ಲಿ ಕಟ್ಟುವುದು ಸಾಮಾನ್ಯವಾಗಿ ಯಾವ ನಿರ್ದಿಷ್ಟ ಕೋಟೆಯೂ ಅಲ್ಲದ ‘ಕಾಲ್ಪನಿಕ’ ಕಿಲ್ಲಾ. ಯುವಕರ ತಂಡಗಳು ಓಣಿಯ ಬಯಲಿನಲ್ಲಿ ಕಟ್ಟುವುದು ಬೇರೆಯೇ ಮಟ್ಟದ ಕೆಲಸ. ಬೆಳಗಾವಿ ನಗರದ ಗಲ್ಲಿಗಳಲ್ಲಿ, ಶಹಾಪುರ, ವಡಗಾವಿ, ಅನಗೋಳಗಳಲ್ಲಿ ಇಂಥ ದೊಡ್ಡ ಪ್ರತಿಕೃತಿಗಳನ್ನು ನೋಡಲು ಸಂಜೆಯ ಹೊತ್ತು ಜನ ಬರುತ್ತಾರೆ. ಸ್ಪರ್ಧೆಗಳೂ ನಡೆಯುತ್ತವೆ. ಮಾದರಿ ಮೂಲ ಕೋಟೆಯನ್ನು ಎಷ್ಟು ಹೋಲುತ್ತದೆ, ಕಟ್ಟಿದವರು ಅದರ ಇತಿಹಾಸವನ್ನು ವಿವರಿಸಬಲ್ಲರೇ ಎಂಬುದನ್ನು ಪರೀಕ್ಷಕರು ನೋಡುವುದು ರೂಢಿ.

ಮಾದರಿಯಾಗುವ ಕೋಟೆಗಳು

ಹೆಚ್ಚು ಕಟ್ಟಲ್ಪಡುವುದು 1674ರ ಜೂನ್ 6ರಂದು ಶಿವಾಜಿಯ ಪಟ್ಟಾಭಿಷೇಕ ನಡೆದ ರಾಯಗಡ. ಮಹಾದ್ವಾರ, ಗಂಗಾಸಾಗರ ಕೆರೆ, ಸಾಲು ಅಂಗಡಿಗಳ ಪೇಟೆ, ಜಗದೀಶ್ವರ ದೇವಾಲಯ, ಹಿರಕಣಿ ಬುರುಜು ಎಂದು ಗುರುತಿಸಬಹುದಾದ ಭಾಗಗಳು ಅಲ್ಲಿ ಹಲವು. ರಾಜಗಡದ ಆಕರ್ಷಣೆ ಅದರ ನೆಲನಕ್ಷೆಯಲ್ಲಿದೆ: ನಡುವೆ ಎತ್ತರದ ಬಾಲೆಕಿಲ್ಲಾ, ಸುತ್ತ ಚಾಚಿಕೊಂಡ ಪದ್ಮಾವತಿ, ಸುವೇಳಾ, ಸಂಜೀವನಿ ಎಂಬ ಮೂರು ಮಾಚಿಗಳು. 1659ರ ನವೆಂಬರ್ 10ರ ಅಫ್ಜಲ್‌ಖಾನನ ಪ್ರಸಂಗಕ್ಕಾಗಿ ಪ್ರತಾಪಗಡ, 1670ರಲ್ಲಿ ತಾನಾಜಿ ಮಡಿದ ಸಿಂಹಗಡ, ನೀರಿನ ನಡುವೆ ಕೂರಿಸಬಹುದೆಂಬ ಕಾರಣಕ್ಕೆ ಸಿಂಧುದುರ್ಗ ಮತ್ತು ಜಂಜೀರಾ ಕೂಡ ಮೆಚ್ಚಿನವು. ಜಂಜೀರಾವನ್ನು ಮರಾಠರು ಎಂದೂ ಗೆಲ್ಲಲಿಲ್ಲ ಎಂಬುದು ಕಟ್ಟುವವರ ಉತ್ಸಾಹಕ್ಕೆ ಅಡ್ಡಿಯಾಗಿಲ್ಲ.

ನಿಪ್ಪಾಣಿ ಭಾಗದವರಿಗೆ ಹೋಗಿ ಕಣ್ಣಾರೆ ಕಂಡು ಬರಬಹುದಾದ ಕೋಟೆ ಕೊಲ್ಹಾಪುರದ ಬಳಿಯ ಪನ್ಹಾಳ. 1660ರಲ್ಲಿ ಶಿವಾಜಿ ಮುತ್ತಿಗೆಯಿಂದ ತಪ್ಪಿಸಿಕೊಂಡು ವಿಶಾಳಗಡಕ್ಕೆ ತೆರಳಿದ್ದು ಇಲ್ಲಿಂದಲೇ. ಕೋಟೆಯ ಚರಿತ್ರೆ ಅದಕ್ಕಿಂತ ಬಹಳ ಹಿಂದಕ್ಕೆ, ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದ ಕೊಲ್ಹಾಪುರದ ಶಿಲಾಹಾರರವರೆಗೆ ಹೋಗುತ್ತದೆ. 2025ರ ಜುಲೈಯಲ್ಲಿ ‘ಭಾರತದ ಮರಾಠಾ ಸೈನಿಕ ಭೂದೃಶ್ಯಗಳು’ ಎಂಬ ಹೆಸರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಕೋಟೆಗಳಲ್ಲಿ ರಾಯಗಡ, ರಾಜಗಡ, ಪ್ರತಾಪಗಡ, ಸಿಂಧುದುರ್ಗಗಳೊಂದಿಗೆ ಪನ್ಹಾಳವೂ ಇದೆ. ಪಟ್ಟಿಯಲ್ಲಿ ಹನ್ನೊಂದು ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಕರ್ನಾಟಕದ್ದು ಯಾವುದೂ ಇಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ಕೋಟೆಗಳಿಗೆ ಕೊರತೆಯಿಲ್ಲ. ಸಂಕೇಶ್ವರದ ಬಳಿ ವಲ್ಲಭಗಡ, ಯಳ್ಳೂರಿನ ರಾಜಹಂಸಗಡ, ಖಾನಾಪುರದ ಕಾಡಿನಲ್ಲಿ ಭೀಮಗಡ, ಸವದತ್ತಿಯ ಕೋಟೆ, ಕಂದಕ ಸುತ್ತುವರಿದ ಬೆಳಗಾವಿಯ ನೆಲಕೋಟೆ, 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಹತನಾದ ಕಿತ್ತೂರು ಇವೆಲ್ಲ ಮಾದರಿಗೆ ಒದಗುವಂಥವೇ. ಆದರೆ ಅಂಗಳದ ಕಿಲ್ಲಾಗಳಲ್ಲಿ ಸಹ್ಯಾದ್ರಿಯ ದುರ್ಗಗಳದೇ ಮೇಲುಗೈ. ಇದಕ್ಕೆ ಒಂದು ಕಾರಣ ಪೇಟೆಯಲ್ಲಿದೆ.

ಗೊಂಬೆಗಳು ಮತ್ತು ಅಳತೆ

ಕಿಲ್ಲಾದ ಮೇಲಿನ ಗೊಂಬೆಗಳನ್ನು ಕೊಳ್ಳುವುದು ಹಿಂದಿನಿಂದ ಬಂದ ವಾಡಿಕೆ. ಸಿಂಹಾಸನದ ಶಿವಾಜಿ, ಕುದುರೆ ಸವಾರ, ಕತ್ತಿ ಗುರಾಣಿ ಹಿಡಿದ ಮಾವಳೆ ಸೈನಿಕ, ತುತೂರಿ ಊದುವವ, ತೋಪು, ಆನೆ, ಹುಲಿ, ಬಿಂದಿಗೆ ಹೊತ್ತ ಹೆಂಗಸು ಇಂಥವು ಹಬ್ಬದ ಸಂತೆಯಲ್ಲಿ ಬಿಡಿಯಾಗಿ ದೊರೆಯುತ್ತವೆ. ಗಣೇಶ ಚತುರ್ಥಿ ಮುಗಿದ ಮೇಲೆ ಮೂರ್ತಿಕಾರ ಕುಂಬಾರ ಮನೆಗಳಿಗೆ ಇದು ಮುಂದಿನ ಕೆಲಸ. ಕೊಲ್ಹಾಪುರದಂಥ ಮೂರ್ತಿ ತಯಾರಿಕೆಯ ಕೇಂದ್ರ ಹತ್ತಿರದಲ್ಲೇ ಇರುವುದು ಗಡಿಭಾಗದ ಪೇಟೆಗಳಿಗೆ ಅನುಕೂಲವಾಗಿದೆ.

ಪೇಟೆಗೆ ಬರುವ ಗೊಂಬೆಗಳು ಬಹುಪಾಲು ಮರಾಠಾ ಇತಿಹಾಸದವು. ಅಚ್ಚು ಇರುವ ಪಾತ್ರಗಳಷ್ಟೇ ಗೊಂಬೆಗಳಾಗುತ್ತವೆ, ಗೊಂಬೆ ಸಿಗುವ ಪ್ರಸಂಗಗಳಷ್ಟೇ ಅಂಗಳದಲ್ಲಿ ಮೂಡುತ್ತವೆ. ತಾನಾಜಿ, ಬಾಜಿಪ್ರಭು ಸುಲಭವಾಗಿ ಸಿಗುವಾಗ, ಕಿತ್ತೂರಿನ ಕೋಟೆ ಕಟ್ಟಬಯಸುವ ಹುಡುಗಿ ಚೆನ್ನಮ್ಮನನ್ನು ತಾನೇ ತಿದ್ದಬೇಕಾದೀತು. ಪ್ಲಾಸ್ಟಿಕ್ ಮಾದರಿ ಕಿಟ್‌ಗಳ ಜಗತ್ತಿನಲ್ಲಿಯೂ ಹೀಗೆಯೇ. ತಯಾರಕರು ಯಾವ ವಿಮಾನದ ಅಚ್ಚು ಮಾಡುತ್ತಾರೋ ಅದು ಸಾವಿರಾರು ಮನೆಗಳ ಕಪಾಟಿನಲ್ಲಿ ಕಾಣುತ್ತದೆ, ಉಳಿದವು ಹವ್ಯಾಸಿಗಳ ದೂರಿನಲ್ಲಿ ಉಳಿಯುತ್ತವೆ. ವ್ಯತ್ಯಾಸವೆಂದರೆ ಮಣ್ಣಿನ ಗೋಡೆಗೆ ಅಚ್ಚು ಬೇಡ. ಯಾವ ಕೋಟೆಯನ್ನಾದರೂ ಕಟ್ಟಬಹುದು ಎಂಬುದು ಕಿಲ್ಲಾದ ದೊಡ್ಡ ಅನುಕೂಲ.

ಅಳತೆಯ ವಿಷಯದಲ್ಲಿ ಎರಡು ಹವ್ಯಾಸಗಳೂ ತೀರ ಭಿನ್ನ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಕಿಟ್ಟನ್ನು ಮಾರಾಟಕ್ಕೆ ತಂದಿತು; ಮುಂದೆ ಅದರ ವಿಮಾನಗಳ ಮೂಲಕ ಜನಪ್ರಿಯವಾದ 1:72 ಎಂಬ ಪ್ರಮಾಣ ಆರು ಅಡಿಗೆ ಒಂದು ಅಂಗುಲ ಎಂಬ ಲೆಕ್ಕದ್ದು. ಜಪಾನಿನ ತಮಿಯಾ ಸಂಸ್ಥೆಯ ಟ್ಯಾಂಕುಗಳಿಂದ 1:35 ಪ್ರಮಾಣ ಹರಡಿತು. ಅಂಥ ಕಿಟ್‌ಗಳಲ್ಲಿ ಮನುಷ್ಯನೂ ಯಂತ್ರವೂ ಒಂದೇ ಪ್ರಮಾಣಕ್ಕೆ ಕುಗ್ಗಬೇಕು. ಕಿಲ್ಲಾದಲ್ಲಿ ಈ ನಿಯಮವಿಲ್ಲ. ಹತ್ತು ಸೆಂಟಿಮೀಟರ್ ಎತ್ತರದ ಗೊಂಬೆ ಸುಮಾರು 1:17 ಪ್ರಮಾಣದ್ದಾಗುತ್ತದೆ. ಆ ಲೆಕ್ಕದಲ್ಲಿ ಸುಮಾರು 9 ಮೀಟರ್ ಎತ್ತರದ ಸಿಂಧುದುರ್ಗದ ಗೋಡೆ ಮಾದರಿಯಲ್ಲಿ ಅರ್ಧ ಮೀಟರಿಗಿಂತ ಎತ್ತರವಿರಬೇಕು; ಸುಮಾರು 3 ಕಿಲೋಮೀಟರ್ ಉದ್ದದ ಅದೇ ಗೋಡೆ 175 ಮೀಟರಿಗೂ ಮೀರಬೇಕು. 1:72ಕ್ಕೆ ಇಳಿಸಿದರೂ ಗೋಡೆ 40 ಮೀಟರ್ ದಾಟುತ್ತದೆ, ಮಾವಳೆಯ ಎತ್ತರ ಎರಡೂವರೆ ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ. ಯಾವ ಅಂಗಳಕ್ಕೂ ಇದು ಹಿಡಿಸದು. ಹೀಗಾಗಿ ಬಾಗಿಲಿಗಿಂತ ಕಾವಲುಗಾರ ದೊಡ್ಡವನು, ಕಾವಲುಗಾರನಿಗಿಂತ ರಾಜ ದೊಡ್ಡವನು. ಹಳೆಯ ಚಿತ್ರಕಲೆಯಂತೆ ಇಲ್ಲಿ ಗಾತ್ರವು ಘನತೆಯನ್ನು ಅನುಸರಿಸುತ್ತದೆ. ಪ್ರತಿಕೃತಿ ಕಟ್ಟುವ ತಂಡಗಳು ಇದನ್ನು ಒಪ್ಪುವುದು ಕಷ್ಟ. ನಿಖರತೆ ಬಯಸುವವರು ಚಿಕ್ಕ ಗೊಂಬೆಗಳನ್ನು ಹುಡುಕುತ್ತಾರೆ, ಇಲ್ಲವೇ ಕೋಟೆಯನ್ನು ಬರಿದಾಗಿಯೇ ಬಿಡುತ್ತಾರೆ.

ಸಿದ್ಧ ಕಿಲ್ಲಾ ಮತ್ತು ಖರೀದಿಯ ಚರ್ಚೆ

ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಸಿದ್ಧ ಕಿಲ್ಲಾಗಳೂ ಈಗ ಮಾರಾಟಕ್ಕೆ ಬರುತ್ತವೆ. ಮೆಟ್ಟಿಲು, ಬುರುಜು, ಗವಿ ಎಲ್ಲವೂ ಒಂದೇ ತುಂಡಿನಲ್ಲಿರುತ್ತವೆ. ಮನೆಗೆ ತಂದು ಗೊಂಬೆ ಜೋಡಿಸಿದರೆ ಆಯಿತು. ಕಿಲ್ಲಾ ಕಟ್ಟಿ ಬೆಳೆದವರಲ್ಲಿ ಅನೇಕರಿಗೆ ಇದು ಸಮ್ಮತವಲ್ಲ. ಮಣ್ಣು ಮುಟ್ಟದ ಕಿಲ್ಲಾ ಕಿಲ್ಲಾವೇ ಅಲ್ಲ ಎಂಬುದು ಅವರ ವಾದ. ಬಹುಮಹಡಿ ಕಟ್ಟಡಗಳಲ್ಲಿ ಅಂಗಳವೂ ಇಲ್ಲ, ಮಣ್ಣೂ ಇಲ್ಲ, ಮಕ್ಕಳಿಗೆ ಇಷ್ಟಾದರೂ ಇರಲಿ ಎಂಬುದು ಎದುರು ವಾದ.

ಮೊದಲ ವಾದವನ್ನು ಪೂರ್ತಿಯಾಗಿ ಒಪ್ಪಲು ಒಂದು ತೊಡಕಿದೆ: ಗೊಂಬೆಗಳನ್ನು ಕೊಳ್ಳುವುದು ಯಾರಿಗೂ ಎಂದೂ ತಪ್ಪಾಗಿ ಕಂಡಿಲ್ಲ, ಆ ಖರೀದಿಯಿಂದಲೇ ಕುಂಬಾರರ ಋತು ನಡೆದಿದೆ. ಸಿದ್ಧ ಕಿಲ್ಲಾದಿಂದ ಆಗುವ ನಷ್ಟ ಬೇರೆ ಕಡೆ ಇದೆ. ರಾಜಗಡ ಕಟ್ಟಬೇಕಾದರೆ ಮೂರು ಮಾಚಿಗಳು ಯಾವ ದಿಕ್ಕಿಗೆ ಚಾಚಿವೆ ಎಂಬುದನ್ನು ತಿಳಿಯಬೇಕು. ದಾರಿ ಎಲ್ಲಿಂದ ಹತ್ತುತ್ತದೆ, ಬಾಗಿಲು ಏಕೆ ತಿರುವಿನಲ್ಲಿ ಅಡಗಿದೆ ಎಂದು ಯೋಚಿಸಬೇಕು. ಎರಕದ ಕೋಟೆ ಬಹುತೇಕ ಯಾವ ಊರಿನ ಕೋಟೆಯೂ ಆಗಿರುವುದಿಲ್ಲ. ನೋಡಲು ಅಂದವಾಗಿದ್ದರೂ ಕಟ್ಟುವವನಿಗೆ ಅದು ಯಾವ ಪ್ರಶ್ನೆಯನ್ನೂ ಒಡ್ಡುವುದಿಲ್ಲ.

ಪರಿಸರದ ಪ್ರಶ್ನೆಯೂ ಸೇರಿಕೊಂಡಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ನಿರ್ಬಂಧಿಸುವುದು ಮೂರ್ತಿ ವಿಸರ್ಜನೆಯ ಸಂದರ್ಭದಲ್ಲಿ. ಕಿಲ್ಲಾವನ್ನು ನೀರಿಗೆ ಬಿಡುವ ಪದ್ಧತಿಯಿಲ್ಲ. ಮಣ್ಣಿನ ಕಿಲ್ಲಾ ಮರಳಿ ಅಂಗಳದ ಮಣ್ಣಾಗುತ್ತದೆ. ಪ್ಲಾಸ್ಟರಿನದು ಒಡೆದ ಬಳಿಕ ಕಸವಾಗುತ್ತದೆ.

ಕೊಳ್ಳುವಾಗ ಅನುಭವಿಗಳು ಮೊದಲು ನೋಡುವುದು ಗೊಂಬೆಯ ತಳವನ್ನು. ಬಣ್ಣ ತಾಗದ ಕಡೆ ಬೆಳ್ಳಗೆ ಪುಡಿ ಉದುರಿದರೆ ಪ್ಲಾಸ್ಟರ್, ಇಟ್ಟಿಗೆಯ ಕೆಂಪಿದ್ದರೆ ಸುಟ್ಟ ಮಣ್ಣು, ಬೂದು ಅಥವಾ ಕಂದು ಬಣ್ಣವಿದ್ದು ಉಗುರಿಗೆ ಗೀರು ಬಿದ್ದರೆ ಹಸಿಮಣ್ಣು. ಹಸಿಮಣ್ಣಿನ ಗೊಂಬೆ ಪೈರಿಗೆ ಚಿಮುಕಿಸಿದ ನೀರಿಗೆ ಕಾಲಿನಿಂದ ಕರಗತೊಡಗುತ್ತದೆ. ಪ್ಲಾಸ್ಟರ್ ನೀರು ಹೀರಿ ಬಣ್ಣ ಬಿಡುತ್ತದೆ. ಆದ್ದರಿಂದ ಗೊಂಬೆಗಳ ಕೆಳಗೆ ಹಂಚಿನ ಚೂರು ಅಥವಾ ಚಪ್ಪಟೆ ಕಲ್ಲನ್ನು ಇಡುವುದುಂಟು. ಕತ್ತಿ, ಭರ್ಚಿಗಳು ಮೊದಲು ಮುರಿಯುವ ಭಾಗಗಳಾದ್ದರಿಂದ ಅವುಗಳಿಗೆ ತಂತಿಯ ಒಳಗಟ್ಟು ಇದೆಯೇ ಎಂದು ನೋಡುತ್ತಾರೆ. ಇಡೀ ಸೆಟ್ ಕೊಳ್ಳುವುದಕ್ಕಿಂತ ವರ್ಷಕ್ಕೆ ಎರಡು ಮೂರು ಒಳ್ಳೆಯ ಗೊಂಬೆಗಳನ್ನು ಕೂಡಿಸುತ್ತ ಹೋಗುವುದು ಹಳೆಯ ಮನೆಗಳ ಕ್ರಮ. ಹಬ್ಬ ಮುಗಿದ ಮೇಲೆ ಅವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ. ಕೋಟೆಯ ಮಣ್ಣು ತುಳಸಿಕಟ್ಟೆಗೋ ಹಿತ್ತಿಲ ಗಿಡಗಳ ಬುಡಕ್ಕೋ ಸೇರುತ್ತದೆ.